ಊರಲ್ಲಿ ಮನೆಗೆ ದುಡ್ಡು ಸಿಕ್ಕಿದೆಯಲ್ಲ, ಮತ್ತೆ ಬೆಂಗಳೂರಲ್ಲೇಕೆ ಇದ್ದಾರೆ?

ಮಲಪ್ರಭೆಯ ಪ್ರವಾಹದಲ್ಲಿ ಮನೆ ಕಳೆದುಕೊಂಡು ಬೆಂಗಳೂರಿಗೆ ಬಂದು, ವರ್ತೂರು ಕಡೆ ಕಟ್ಟಡ ಕೆಲಸ ಮಾಡುವ ಕೂಲಿಕಾರರ ಶೆಡ್ಡುಗಳಲ್ಲಿ ಸಂಜೆ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ ಎಂದರೆ ಸಾಕು, ಪರಿಚಯದವರೆಲ್ಲ ಕೇಳುವುದು ಇದನ್ನೇ. ಪ್ರವಾಹ ಬಂದು ಎಷ್ಟೋ ವರ್ಷವಾಯಿತು, ಸರ್ಕಾರ ಪರಿಹಾರವನ್ನೂ ಕೊಟ್ಟಿತು, ಇವರು ಇನ್ನೂ ಯಾಕೆ ಊರಿಗೆ ಹೋಗಿಲ್ಲ? ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೆ ನಾನು ಬಲ್ಲ ಎಷ್ಟೋ ಮನೆಯವರು ಬೆಂಗಳೂರಿಗೆ ಬಂದದ್ದೇ ಊರಿನ ಆ ಮನೆ ಕಟ್ಟಿ ಮುಗಿಸುವುದಕ್ಕೆ.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆ ತುಂಬಿ, ಬಿಟ್ಟ ನೀರು ಮಲಪ್ರಭೆಯ ದಂಡೆ ಮೀರಿತು. ವರ್ಷದ ಬಹುಪಾಲು ಬತ್ತಿದಂತಿರುವ ಹೊಳೆ ಅದು. ಪಾತ್ರ ಒತ್ತುವರಿಯಾಗಿ ಕಿರಿದಾಗಿದೆ. ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. 2009ರಲ್ಲೂ ಉತ್ತರ ಕರ್ನಾಟಕ ಮುಳುಗಿತ್ತು. ಆಗ ‘ಆಸರೆ’ ಯೋಜನೆಯಲ್ಲಿ ಊರಾಚೆ ಮನೆ ಕಟ್ಟಿಕೊಟ್ಟರೂ, ದನ ಕಟ್ಟಲು ಜಾಗವಿಲ್ಲ, ಹೊಲ ದೂರ ಎಂದು ಹಲವರು ಹಳೇ ಊರಿಗೇ ಮರಳಿದ್ದರು.

2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಘೋಷಿಸಿದರು. ಒಳ್ಳೆಯ ಮೊತ್ತವೇ, ಅಲ್ಲಗಳೆಯುವುದಿಲ್ಲ. ಆದರೆ ಅದು ಬರುವುದು ಕಂತಿನಲ್ಲಿ. ಕೆಲಸ ಒಂದು ಹಂತಕ್ಕೆ ಬರಬೇಕು, ಅದರ ಫೋಟೊ ತೆಗೆದು ಕಳಿಸಬೇಕು, ಆಮೇಲೆ ಮುಂದಿನ ಕಂತು. ಅಂದರೆ ಮೊದಲು ಕೈಯಿಂದ ಹಾಕಬೇಕು. ಬೆಳೆ, ದನ, ಕಾಳಿನ ಚೀಲ ಎಲ್ಲ ಹೊಳೆಪಾಲಾದವರ ಕೈಯಲ್ಲಿ ಏನಿರುತ್ತದೆ? ನನ್ನ ಬಳಿ ಕಲಿಯುವ ಹುಡುಗಿಯೊಬ್ಬಳ ತಾಯಿ ಹೇಳಿದ್ದು: “ಕಂತು ಬರೂತನಕ ಗೌಂಡಿ ಕಾಯ್ತಾನೇನ್ರಿ ಟೀಚರ? ಬಡ್ಡೀಲೆ ರೊಕ್ಕ ತಂದ್ವಿ. ಈಗ ಬಡ್ಡಿ ಕಟ್ಟಾಕ ಇಲ್ಲಿ ದುಡೀತೇವಿ.” ಊರಲ್ಲಿ ಆಕೆಯ ಮನೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲಿನ ಎತ್ತರಕ್ಕೆ, ನಿಂತಿದೆ. ಇಲ್ಲಿ ಆಕೆ ಬೇರೆಯವರ ಮೂರನೇ ಮಹಡಿಗೆ ಇಟ್ಟಿಗೆ ಹೊರುತ್ತಾಳೆ.

ಸರಿ, ಬಂದರು. ಹೊಂದಿಕೊಂಡರೇ? ಕೆಲಸಕ್ಕೆ ಹೊಂದಿಕೊಳ್ಳುತ್ತಾರೆ, ದುಡಿಮೆ ಅವರಿಗೆ ಹೊಸದಲ್ಲ. ಕಷ್ಟವಿರುವುದು ಗುರುತಿನ ವಿಷಯದಲ್ಲಿ. ಊರಿನ ಅಂಗಡಿಯಲ್ಲಿ ಇಂಥವರ ಸೊಸೆ ಎಂದರೆ ಉದ್ರಿ ಸಿಗುತ್ತಿತ್ತು. ಇಲ್ಲಿ ಪ್ರತಿಯೊಂದಕ್ಕೂ ಕಾಗದ ಬೇಕು, ಅದರಲ್ಲಿರುವುದೆಲ್ಲ ಊರಿನ ವಿಳಾಸ. ಪಡಿತರವನ್ನೇ ನೋಡಿ. ಕಾರ್ಡು ಊರಿನದಾದರೂ ಇಲ್ಲಿಯೇ ಪಡೆಯಬಹುದು, ನಿಜ. ಆಕೆಯ ಜೊತೆ ನ್ಯಾಯಬೆಲೆ ಅಂಗಡಿಗೆ ಹೋಗಿದ್ದೆ. ಸಿಮೆಂಟು ಕಲಸಿ ಬೆರಳಿನ ಗೆರೆಗಳು ಸವೆದುಹೋಗಿವೆ. ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಸೆರಗಿನಲ್ಲಿ ಒರೆಸಿ ಒತ್ತಿದಳು, ಚೂರು ಎಣ್ಣೆ ಸವರಿ ಒತ್ತಿದಳು, ಕೊನೆಗೆ ತೋರುಬೆರಳು ಕೂಡಿಬಂತು. ಅಷ್ಟರಲ್ಲಿ ಅರ್ಧ ದಿನದ ಕೂಲಿ ಹೋಗಿತ್ತು. ಸಿಕ್ಕಿದ್ದು ಅಕ್ಕಿ, ರಾಗಿ. ಜೋಳದ ರೊಟ್ಟಿಯಿಲ್ಲದೆ ಅವರ ಊಟ ಊಟವೇ ಅಲ್ಲ. ಹಾಗಾಗಿ ಊರಿಂದ ಯಾರಾದರೂ ಬರುವಾಗ ಬಸ್ಸಿನಲ್ಲಿ ಜೋಳದ ಚೀಲ ತರಿಸುತ್ತಾರೆ.

ಮಕ್ಕಳ ಗತಿ ಇನ್ನೂ ಕಷ್ಟ. ಒಂದು ಕಟ್ಟಡ ಮುಗಿದರೆ ಮೇಸ್ತ್ರಿ ಮತ್ತೊಂದು ಕಡೆ ಶೆಡ್ ಹಾಕಿಸುತ್ತಾನೆ, ಶಾಲೆ ಅಲ್ಲಿಗೇ ನಿಲ್ಲುತ್ತದೆ. ಒಳ್ಳೆಯ ಲೆಕ್ಕ ಮಾಡುತ್ತಿದ್ದ ಮಕ್ಕಳು ಹೀಗೆ ಕೈತಪ್ಪಿ ಹೋದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಇನ್ನು, ಊರಿಗೆ ಹೋಗುವುದೇ ಇಲ್ಲ ಎನ್ನುವುದು ಸುಳ್ಳು. ಬಿತ್ತನೆಗೆ, ಜಾತ್ರೆಗೆ, ಮತ ಹಾಕಲಿಕ್ಕೆ, ಮನೆಯ ಫೋಟೊಗೆ ಹೋಗಿಯೇ ಹೋಗುತ್ತಾರೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಬಂದರೆ ಶೆಡ್ಡಿನಲ್ಲಿ ರಾತ್ರಿಯಿಡೀ ಫೋನು.

ಈ ಪ್ರಶ್ನೆ ಕೇಳುವವರಲ್ಲಿ ಹಲವರು ಸ್ವಂತ ಮನೆ ಕಟ್ಟಿಸುತ್ತಿರುವವರು. ಅವರಿಗೆ ನನ್ನದೊಂದು ಕೋರಿಕೆ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಆ ಕಾರ್ಡಿದ್ದರೆ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತವಾದರೆ ಮನೆಯವರಿಗೆ ನೆರವು ಸಿಗುತ್ತದೆ. ನಿಮ್ಮ ಮನೆಗೆ ಇಟ್ಟಿಗೆ ಹೊತ್ತವರು ಆ ಪತ್ರ ಹಿಡಿದು ಬಂದರೆ ಕಂಟ್ರಾಕ್ಟರನನ್ನು ಕರೆದು ಸಹಿ ಹಾಕಿಸಿಕೊಡಿ.