ಎಲ್ಲರಿಗಿಂತ ಕಡಿಮೆ ಸಿಕ್ಕವರಿಗೆ ಎಷ್ಟು?

“ಎಲ್ಲರಿಗಿಂತ ಕಡಿಮೆ ಸಂಬಳ ಸಿಕ್ಕವರಿಗೆ ಎಷ್ಟು ಸಿಕ್ಕಿದೆ ಸರ್?”

ನನ್ನ ಅಕ್ಕನ ಮಗಳು ಕೇಳಿದ್ದು ಇಷ್ಟೇ. ಕಳೆದ ಭಾನುವಾರ ರಾಯಚೂರಿನ ಕಲ್ಯಾಣ ಮಂಟಪವೊಂದರಲ್ಲಿ ಹೊರ ಊರಿನ ಎಂಜಿನಿಯರಿಂಗ್ ಕಾಲೇಜುಗಳವರು ಮೇಜು ಹಾಕಿಕೊಂಡು ಕುಳಿತಿದ್ದರು. ಟೈ ಕಟ್ಟಿದ್ದ ಯುವಕ ನಕ್ಕು, ನುಣುಪು ಕಾಗದದ ಪುಸ್ತಿಕೆಯ ಪುಟ ತಿರುವಿ, ಕೆಮಿಕಲ್ ವಿಭಾಗದಲ್ಲಿ ಅತಿ ದೊಡ್ಡ ಪ್ಯಾಕೇಜ್ ಪಡೆದ ಹುಡುಗನ ಫೋಟೋದ ಮೇಲೆ ಬೆರಳಿಟ್ಟ. ಅವಳು ಮತ್ತೆ ಅದನ್ನೇ ಕೇಳಿದಳು. ಅವನು ಮತ್ತೆ ಅದೇ ಫೋಟೋ ತೋರಿಸಿದ. ವಾರವಿಡೀ ಆ ಬೆರಳು ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ.

ಫೋಟೋದ ಕೆಳಗಿದ್ದ ಕಂಪನಿಯ ಹೆಸರು ನೋಡಿದೆ. ಅದೊಂದು ಸಾಫ್ಟ್‌ವೇರ್ ಕಂಪನಿ. ಕೆಮಿಕಲ್ ಎಂಜಿನಿಯರಿಂಗ್ ಓದಿ ಕೋಡ್ ಬರೆಯಲು ಹೋದವನ ಸಂಬಳವನ್ನು ಕೆಮಿಕಲ್ ಎಂಜಿನಿಯರಿಂಗಿನ ಸಂಬಳವೆಂದು ತೋರಿಸುತ್ತಿದ್ದರು. ನಾನು ಇದೇ ವೃತ್ತಿಯವನು, ಔಷಧಗಳ ಮೂಲ ರಾಸಾಯನಿಕ ತಯಾರಿಸುವ ರಾಯಚೂರಿನ ಬಲ್ಕ್ ಡ್ರಗ್ ಘಟಕವೊಂದರಲ್ಲಿ ಉತ್ಪಾದನಾ ವಿಭಾಗದಲ್ಲಿದ್ದೇನೆ. ನನಗೆ ಸಿಟ್ಟು ಬಂದದ್ದು ಆ ಕಾರಣಕ್ಕೂ ಹೌದು.

ಭಾವ ಸುಮ್ಮನೆ ನಿಂತಿದ್ದರು. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಅವರಿಗೆ ನಾಲ್ಕು ಎಕರೆ ಭತ್ತದ ಗದ್ದೆ. ಒಂದು ಚೀಲ ಯೂರಿಯಾ ಕೊಳ್ಳಲು ಮೂರು ಅಂಗಡಿಯಲ್ಲಿ ದರ ವಿಚಾರಿಸುವ ಮನುಷ್ಯ, ಮ್ಯಾನೇಜ್‌ಮೆಂಟ್ ಸೀಟಿನ ಲಕ್ಷಗಳ ಮಾತು ಬಂದಾಗ ಬಾಯಿ ಬಿಡಲಿಲ್ಲ. ಇಂಗ್ಲಿಷ್ ಪುಸ್ತಿಕೆಯ ಎದುರು ನಮ್ಮ ಕಡೆಯ ಅಪ್ಪಂದಿರು ಕುಗ್ಗುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. “ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳುವುದಿಲ್ಲ ಯಜಮಾನರೇ, ನೀವು ಸಹಿ ಮಾಡಿದರೆ ಸಾಕು” ಎಂದ ಯುವಕ. ಮಾತು ಸುಳ್ಳಲ್ಲ. ಆದರೆ ಆ ಸಹಿಯಿಂದ ಭಾವ ಸಹಸಾಲಗಾರರಾಗುತ್ತಾರೆ. ಮಗಳು ಕಟ್ಟದಿದ್ದರೆ ಬ್ಯಾಂಕು ಅವರ ಮನೆಗೇ ಬರುತ್ತದೆ ಎಂಬುದನ್ನು ಅವನು ಹೇಳಲಿಲ್ಲ.

ರಾತ್ರಿ ಮನೆಯಲ್ಲಿ ಅಕ್ಕನ ಮಗಳು ನೋಟ್‌ಬುಕ್ ತೆರೆದು ಕುಳಿತಳು. “ಮಾಮಾ, ಲೆಕ್ಕ ಹೇಳಿಕೊಡಿ” ಎಂದಳು. ಏಳೂವರೆ ಲಕ್ಷವನ್ನು ನಾಲ್ಕು ವರ್ಷಕ್ಕೆ ಸಮನಾಗಿ ಹಂಚಿ, ಬಡ್ಡಿ ಶೇಕಡಾ 10 ಎಂದು ಹಿಡಿದೆವು. ಓದುವ ಅವಧಿ ಮತ್ತು ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಆ ಐದು ವರ್ಷದ ಸರಳ ಬಡ್ಡಿಯೇ 2,62,500 ರೂಪಾಯಿ. ಕಂತು ಶುರುವಾಗುವ ದಿನಕ್ಕೆ ಸಾಲ ಹತ್ತು ಲಕ್ಷ ದಾಟಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,400. ಹದಿನೈದು ವರ್ಷಕ್ಕೆ ಎಳೆದರೆ ಕಂತು 10,900ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವ ಹಣ ಹತ್ತೊಂಬತ್ತೂವರೆ ಲಕ್ಷ ಮೀರುತ್ತದೆ. ಅವಳು ಪೆನ್ನು ಕೆಳಗಿಟ್ಟಳು.

ಇನ್ನೊಂದು ಬದಿಯ ಲೆಕ್ಕ ನನಗೆ ಬಾಯಿಪಾಠ. ನಮ್ಮಲ್ಲಿಗೆ ಟ್ರೇನಿಯಾಗಿ ಸೇರಿದ ಹುಡುಗನೊಬ್ಬನ ನೇಮಕಾತಿ ಪತ್ರದಲ್ಲಿ ವರ್ಷಕ್ಕೆ ಮೂರು ಲಕ್ಷ ಎಂದಿದೆ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿದೆ. ಅವನ ಪಾಲಿನ ಪಿಎಫ್ ಕಳೆದು ಕೈಗೆ ಬರುವುದು ಇಪ್ಪತ್ತೊಂದು ಸಾವಿರದ ಆಸುಪಾಸು. ಐದನೇ ತಾರೀಖು ಕಂತು ಕಡಿತವಾದ ಸಂದೇಶ ಬಂದಾಗ ಅವನು ಮೊಬೈಲನ್ನು ಮುಖ ಕೆಳಗೆ ಮಾಡಿ ಮೇಜಿನ ಮೇಲಿಡುತ್ತಾನೆ. ರಿಯಾಕ್ಟರಿನ ಉಷ್ಣಾಂಶವನ್ನು ಅರ್ಧ ಗಂಟೆಗೊಮ್ಮೆ ಲಾಗ್‌ಶೀಟಿನಲ್ಲಿ ಬರೆದು, ಬಟ್ಟೆಗೆ ಟಾಲ್ಯುಯೀನ್ ದ್ರಾವಕದ ವಾಸನೆ ಮೆತ್ತಿಸಿಕೊಂಡು, ರಜೆ ಹಾಕಿದವರ ರಾತ್ರಿ ಪಾಳಿಯನ್ನೂ ತಾನೇ ಕೇಳಿ ಪಡೆಯುತ್ತಾನೆ. ಒಳ್ಳೆಯ ಎಂಜಿನಿಯರ್ ಅವನು. ಒಂದು ಬ್ಯಾಚ್ ಯಾಕೆ ಕೆಟ್ಟಿತೆಂದು ಹಿರಿಯರಿಗಿಂತ ಮೊದಲು ಊಹಿಸುತ್ತಾನೆ. ಅವನ ಪಕ್ಕದಲ್ಲೇ ನಿಂತು ಅದೇ ಪಾಳಿ ಮಾಡುವ ಬಿಎಸ್ಸಿ ಹುಡುಗನಿಗೆ ಬರುವುದು ಅವನಿಗಿಂತ ಕೆಲವೇ ಸಾವಿರ ಕಡಿಮೆ, ಸಾಲವಂತೂ ಇಲ್ಲ. ಎಂಜಿನಿಯರಿಂಗ್ ಪದವಿಯ ಬೆಲೆ ತಿಳಿಯುವುದು ನಿಧಾನವಾಗಿ, ಘಟಕದ ಹೊಣೆ ಕೈಗೆ ಬಂದಾಗ. ಕಂತು ಅಲ್ಲಿಯವರೆಗೆ ಕಾಯುವುದಿಲ್ಲ.

ಭಾವನ ಬೆಳೆಸಾಲವನ್ನು ಇದರ ಪಕ್ಕಕ್ಕಿಡಿ. ಸಹಕಾರ ಸಂಘದಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದೆ ಸಿಗುತ್ತದೆ, ಸುಗ್ಗಿಯ ಹಣ ಬಂದಾಗ ಕಟ್ಟುತ್ತಾರೆ. ಶಿಕ್ಷಣ ಸಾಲ ಪ್ರತಿ ತಿಂಗಳೂ ಕೈಚಾಚುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ರಾತ್ರಿಯ ಬಗ್ಗೆ ಭಾವ ಈಗಲೂ ಮಾತಾಡುತ್ತಾರೆ. ಅಣೆಕಟ್ಟೆಯಲ್ಲಿ ನೀರಿಲ್ಲದ ವರ್ಷ ಮಗಳ ಕಂತಿಗೆ ಅವರು ಎಲ್ಲಿಂದ ತರಬೇಕು?

ಹಾಗೆಂದು ಈ ಓದು ಬೇಡ ಎನ್ನಲು ನನ್ನಿಂದಾಗದು. ಅವಳಿಗೆ ರಸಾಯನಶಾಸ್ತ್ರವೆಂದರೆ ಪ್ರಾಣ. ಆದರೆ ದಾರಿಗಳು ಬೇರೆಯಿವೆ. ಸಿಇಟಿಯ ಸರ್ಕಾರಿ ಕೋಟಾದ ಸೀಟಿಗೆ ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕದ ಭಾರವಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿದೆ, ರಾಜ್ಯದ ಉಳಿದ ಭಾಗದ ಕಾಲೇಜುಗಳಲ್ಲೂ ಶೇಕಡಾ 8ರಷ್ಟು ಪಾಲು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಎಂಟು ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ, ಕಂತು ಶುರುವಾಗುವವರೆಗಿನ ಅವಧಿಗೆ ಶೇಕಡಾ 3 ಬಡ್ಡಿ ಸಹಾಯಧನವಿದೆ. ಆದರೆ ಅದು ಆಯ್ದ ಸಂಸ್ಥೆಗಳಿಗೆ ಮಾತ್ರ. “ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ?” ಎಂದು ನಾನು ಮಂಟಪದಲ್ಲೇ ಕೇಳಿದ್ದೆ. “ಬರುತ್ತದೆ ಸರ್” ಎಂದಿದ್ದ. ಇದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಅವಳ ಪ್ರಶ್ನೆಯೇನೂ ಉದ್ಧಟತನವಲ್ಲ. ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಕಡ್ಡಾಯವಾಗಿ ಪ್ರಕಟಿಸಬೇಕೆಂದು ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ ಹೇಳಿರುವ ವಿವರಗಳಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ಸಂಬಳ ಮೂರೂ ಇವೆ. ಆ ರಾತ್ರಿ ಆ ಕಾಲೇಜಿನ ತಾಣ ತೆರೆದೆವು. ಗರಿಷ್ಠದ ಎದುರು ಅಂಕಿ ಇತ್ತು, ಕನಿಷ್ಠದ ಎದುರು ಒಂದು ಗೀಟು. ಮೇಜಿನ ಮುಂದೆ ನಕ್ಕವನ ಮೇಲೆ ನನಗೀಗ ಅಷ್ಟು ಸಿಟ್ಟಿಲ್ಲ, ಅವನೂ ಎಲ್ಲೋ ಕಂತು ಕಟ್ಟುತ್ತಿರಬಹುದು. ಆ ಗೀಟು ಎಳೆದವರನ್ನು ಮಾತ್ರ ಕ್ಷಮಿಸಲಾರೆ.

ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಸಲ್ಲಿಸುವ ವರದಿಯಲ್ಲಿ ಮಧ್ಯದ ಸಂಬಳ ಕೊಟ್ಟಿರುತ್ತಾರೆ. ಬೇರೆ ಕಾಲೇಜೊಂದರ ವರದಿ ತೆಗೆದು ಭಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಅಂದರೆ ಅರ್ಧ ಜನಕ್ಕೆ ಇಷ್ಟೂ ಸಿಕ್ಕಿಲ್ಲ, ಅಲ್ಲವೇ?” ಎಂದರು. ಅಕ್ಕನ ಮಗಳು ತಲೆಯೆತ್ತಿ ಅಪ್ಪನನ್ನು ನೋಡಿದಳು.

ಮ್ಯಾನೇಜ್‌ಮೆಂಟ್ ಸೀಟಿನ ಮಾತು ಅಲ್ಲಿಗೇ ಮುಗಿಯಿತು. ಸಿಇಟಿ ಆಯ್ಕೆಯ ಪಟ್ಟಿಯಲ್ಲಿ ಕೆಮಿಕಲ್ ಈಗಲೂ ಮೊದಲಿದೆ. ನಿನ್ನೆ ಭಾವನೇ ಫೋನ್ ಮಾಡಿ, ಪಟ್ಟಿಯಲ್ಲಿರುವ ಪ್ರತಿ ಕಾಲೇಜಿನ ಹಾಸ್ಟೆಲ್ ಶುಲ್ಕ ವರ್ಷಕ್ಕೆ ಎಷ್ಟು ಏರುತ್ತದೆಂದು ವಿಚಾರಿಸಲು ನನಗೆ ಹೇಳಿದ್ದಾರೆ.