ಭಾವನ ಪಿಸ್ತೂಲಿಗೆ ಯಾವ ಫಿನಿಶ್?

ನಮ್ಮ ಭಾವನಿಗೆ ಒಂದು 1911 ಪಿಸ್ತೂಲು ತಗೊಳ್ಳಬೇಕು ಅಂತ ತುಂಬಾ ದಿನದ ಆಸೆ. ಅವರು ಇರುವುದು ಹ್ಯೂಸ್ಟನ್‌ನಲ್ಲಿ. ಅಲ್ಲಿ ಶನಿವಾರ ಬಂದರೆ ಶೂಟಿಂಗ್ ರೇಂಜಿಗೆ ಹೋಗಿ, ಬಾಡಿಗೆಗೆ ಪಿಸ್ತೂಲು ತಗೊಂಡು ಗುರಿ ಅಭ್ಯಾಸ ಮಾಡುತ್ತಾರೆ. ಸ್ವಂತಕ್ಕೆ ಒಂದು ಅಂತ ತಗೊಂಡರೆ ಅದು 1911 ಆಗಿರಬೇಕು, ಬೇರೆ ಬೇಡ, ಅಷ್ಟು ಖಚಿತ. ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲು ಅದು. ಅಮೆರಿಕದ ಸೈನ್ಯ 1911ರ ಮಾರ್ಚ್‌ನಲ್ಲಿ ಅದನ್ನು ಒಪ್ಪಿಕೊಂಡು 1985ರವರೆಗೆ ಅದನ್ನೇ ಮುಖ್ಯ ಪಿಸ್ತೂಲಾಗಿ ಬಳಸಿತು. .45 ಕ್ಯಾಲಿಬರ್, ಐದು ಇಂಚಿನ ನಳಿಗೆ, ಮ್ಯಾಗಜೀನ್‌ನಲ್ಲಿ ಏಳು ತೋಟಾ, ತೂಕ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ. ಇವತ್ತಿಗೂ ಎಷ್ಟೋ ಕಂಪನಿಗಳು ಅದೇ ನಕ್ಷೆ ಇಟ್ಟುಕೊಂಡು ಪಿಸ್ತೂಲು ಮಾಡುತ್ತಿವೆ. ಆರಿಸುವುದು ಕಷ್ಟ ಆಗುವುದೂ ಅದಕ್ಕೇ. ಒಳಗಿನ ಯಂತ್ರ ಒಂದೇ, ಹೊರಗೆ ನೂರು ವೇಷ. ಉಕ್ಕಿನ ಹೊರಮೈಗೆ ಕೊಡುವ ಆ ಬಣ್ಣ, ಹೊಳಪಿಗೇ ಫಿನಿಶ್ ಅನ್ನುವುದು.

2024ರ ಜುಲೈಯಲ್ಲಿ ಅಕ್ಕ, ಭಾವ, ಮಗಳು ಮೂವರೂ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದರು. ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿತ್ತು. ಕರೆಂಟ್ ಇಲ್ಲ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಹಾಗೂ ಇಲ್ಲ, ಮನೆಯಿಂದ ಹೊರಗೆ ಕಾಲಿಡುವ ಹಾಗೇ ಇಲ್ಲ. ಜಗಲಿಯಲ್ಲಿ ಹಲಸಿನ ಹಪ್ಪಳ ಮುಂದಿಟ್ಟುಕೊಂಡು ಕೂತಿದ್ದಾಗ ಭಾವ ಮೊಬೈಲ್ ತೆಗೆದು ಮೂರು ಪಿಸ್ತೂಲಿನ ಫೋಟೋ ತೋರಿಸಿದರು. "ನೀನು ಕೋವಿ ಇಟ್ಟುಕೊಂಡವನು ಮಾರಾಯ, ನೋಡಿ ಹೇಳು, ಯಾವುದು ತಗೊಳ್ಳಲಿ?"

ನನ್ನದು ಅಪ್ಪನಿಂದ ಬಂದ 12 ಬೋರ್ ಜೋಡಿ ನಳಿಗೆ ಕೋವಿ. ಬೆಳೆ ರಕ್ಷಣೆಯ ಲೈಸೆನ್ಸು. ಮಂಗ, ಹಂದಿ ತೋಟಕ್ಕೆ ಬಂದರೆ ಗಾಳಿಗೆ ಒಂದು ಈಡು ಹೊಡೆದು ಬೆದರಿಸುವುದಕ್ಕೆ ಬಿಟ್ಟರೆ ಬೇರೆ ಕೆಲಸ ಅದಕ್ಕಿಲ್ಲ. ಪಿಸ್ತೂಲಿನ ವಿಷಯ ನನಗೆ ಓದಿ ಗೊತ್ತು, ಕೈಯಲ್ಲಿ ಹಿಡಿದು ಗೊತ್ತಿಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ಉಕ್ಕನ್ನು ತುಕ್ಕು ಹಿಡಿಯದ ಹಾಗೆ ಇಟ್ಟುಕೊಳ್ಳುವುದು ಹೇಗೆ ಅನ್ನುವುದು ಚೆನ್ನಾಗಿ ಗೊತ್ತು. ಹ್ಯೂಸ್ಟನ್ ಕೂಡ ಸಮುದ್ರದ ಗಾಳಿ, ಸೆಕೆ, ಬೆವರಿನ ಊರು ಅಂತ ಅಕ್ಕ ಫೋನಿನಲ್ಲಿ ಯಾವಾಗಲೂ ಹೇಳುತ್ತಿದ್ದಳು. ಹಾಗಾಗಿ ನಾನೂ ಮನಸ್ಸಿಟ್ಟು ನೋಡಿದೆ.

ಮೊದಲನೆಯದು ಕೋಲ್ಟ್ ಸೀರೀಸ್ 70. ನೀಲಿ ಹೊಳಪಿನ ಕಪ್ಪು, ಕೆತ್ತನೆಯ ಮರದ ಹಿಡಿ. ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಎರಡನೆಯದು ಫಿಲಿಪೀನ್ಸ್‌ನಲ್ಲಿ ತಯಾರಾಗುವ ರಾಕ್ ಐಲೆಂಡ್. ಬೂದಿ ಮಿಶ್ರಿತ ಕಪ್ಪು, ಹೊಳಪೇ ಇಲ್ಲ, ಎರಡನೇ ಮಹಾಯುದ್ಧದ ಸಿಪಾಯಿಗಳ ಹತ್ತಿರ ಇದ್ದ ಪಿಸ್ತೂಲಿನ ಹಾಗೇ ಇದೆ. ಬೆಲೆ ಕೋಲ್ಟ್‌ನ ಹೆಚ್ಚುಕಡಿಮೆ ಅರ್ಧ. ಮೂರನೆಯದು ರೂಗರ್ ಎಸ್‌ಆರ್‌1911. ಮುಖ್ಯ ಭಾಗಗಳೆಲ್ಲ ಸ್ಟೇನ್‌ಲೆಸ್ ಸ್ಟೀಲ್, ಬೆಳ್ಳಗೆ, ಕೆಲವು ಸಣ್ಣ ಭಾಗಗಳು ಮಾತ್ರ ಕಪ್ಪು.

ಭಾವನ ಮನಸ್ಸು ಕೋಲ್ಟ್ ಮೇಲೆ ಇತ್ತು. ಅದು ಅವರು ಫೋಟೋ ದೊಡ್ಡದು ಮಾಡಿ ತೋರಿಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ನಾನು ಮೊದಲು ಕೇಳಿದ್ದು ಕೈಯ ವಿಷಯ. "ಬಾಡಿಗೆ ಪಿಸ್ತೂಲು ಹೊಡೆದಾಗ ನಿಮಗೆ ಎಲ್ಲಿ ನೋವಾಯಿತು ಭಾವ?" ಅವರು ಬಲಗೈ ಚಾಚಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ತೋರಿಸಿದರು. ಅಲ್ಲಿ ಸಣ್ಣ ಗಾಯದ ಗುರುತು. ಹಳೇ ಮಾದರಿಯ 1911ರಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಈಡು ಹಾರಿದ ಕೂಡಲೇ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆ ಬಂದು ಸುತ್ತಿಗೆಯನ್ನು ಮಡಚುತ್ತದೆ, ಸುತ್ತಿಗೆಯ ಬಾಲ ಮತ್ತು ಹಿಡಿಯ ಹಿಂಭಾಗದಲ್ಲಿ ಅಂಗೈ ಒತ್ತುವ ಸೇಫ್ಟಿ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಸೈನ್ಯಕ್ಕೂ ಈ ದೂರು ಹೋಗಿತ್ತು. 1920ರ ದಶಕದಲ್ಲಿ ತಿದ್ದುಪಡಿ ಮಾಡಿ 1911ಎ1 ತಂದಾಗ ಆ ಸೇಫ್ಟಿಯ ಮೂತಿಯನ್ನು ಉದ್ದ ಮಾಡಿದರು. ಟ್ರಿಗರ್ ಗಿಡ್ಡ ಮಾಡಿದರು, ಟ್ರಿಗರ್ ಹಿಂದೆ ಬೆರಳು ಕೂರುವುದಕ್ಕೆ ಫ್ರೇಮಿನಲ್ಲಿ ಎರಡೂ ಕಡೆ ತಗ್ಗು ಕೊಟ್ಟರು. ಸಣ್ಣ ಕೈಯವರಿಗೂ ಬೆರಳು ಎಟುಕಲಿ ಅಂತ. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಆ ಸೇಫ್ಟಿ ಇನ್ನೂ ಅಗಲವಾಗಿ, ಮೇಲಕ್ಕೆ ಬಾಗಿರುತ್ತದೆ. ಬೀವರ್‌ಟೇಲ್ ಅಂತಾರೆ. ಮೂರರಲ್ಲಿ ಅದು ಇದ್ದದ್ದು ರೂಗರ್‌ಗೆ ಮಾತ್ರ. ನನ್ನ ಲೆಕ್ಕದಲ್ಲಿ ಅಲ್ಲೇ ಅರ್ಧ ತೀರ್ಮಾನ ಆಗಿಹೋಯಿತು. ಪ್ರತಿ ವಾರ ನೂರು ಸಲ ಹೊಡೆಯುವವರ ಕೈ ಕಚ್ಚುವ ಪಿಸ್ತೂಲು ಎಷ್ಟು ಚಂದ ಇದ್ದರೇನು?

ಭಾವ ಒಪ್ಪಲಿಲ್ಲ. ಟ್ರಿಗರ್ ವಿಷಯ ತೆಗೆದರು. 1983ರಲ್ಲಿ ಕೋಲ್ಟ್ ಸೀರೀಸ್ 80 ಅಂತ ತಂದು ಫೈರಿಂಗ್ ಪಿನ್‌ಗೆ, ಅಂದರೆ ತೋಟಾಕ್ಕೆ ಬಡಿಯುವ ಸೂಜಿಗೆ, ಒಂದು ಅಡ್ಡ ತಡೆ ಹಾಕಿತು. ಪಿಸ್ತೂಲು ಕೆಳಗೆ ಬಿದ್ದರೆ ತಾನಾಗಿ ಹಾರಬಾರದು ಅಂತ. ಒಳ್ಳೆಯ ಉದ್ದೇಶವೇ. ಆದರೆ ಟ್ರಿಗರ್‌ನಿಂದ ಆ ತಡೆಗೆ ಎರಡು ಸಣ್ಣ ಕೊಂಡಿ ಜಾಸ್ತಿ ಆದವು. ಎಳೆತದಲ್ಲಿ ಸ್ವಲ್ಪ ಮಣ್ಣು ಸೇರಿದ ಹಾಗೆ ಅನ್ನಿಸುತ್ತದೆ ಅಂತ ಹಳೇ ಮಾದರಿ ಇಷ್ಟಪಡುವವರ ತಕರಾರು. ಅದಕ್ಕೇ ಆ ತಡೆ ಇಲ್ಲದ ಸೀರೀಸ್ 70 ಬೇಕು ಅಂದರು. ಸರಿ, ಆದರೆ ರೂಗರ್‌ನಲ್ಲೂ ಆ ತಡೆ ಇಲ್ಲವಲ್ಲ. ಅವರು ಹಗುರವಾದ ಟೈಟಾನಿಯಂ ಪಿನ್ ಮತ್ತು ಬಿಗಿ ಸ್ಪ್ರಿಂಗ್ ಹಾಕಿ ಅದೇ ಅಪಾಯವನ್ನು ಬೇರೆ ದಾರಿಯಲ್ಲಿ ಕಡಿಮೆ ಮಾಡಿದ್ದಾರೆ. ಟ್ರಿಗರ್ ಕೊಂಡಿ ಹಳೆಯ ಹಾಗೇ ಇದೆ. ಇದನ್ನು ಹೇಳಿದಾಗ ಭಾವ ಸ್ವಲ್ಪ ಹೊತ್ತು ಹಪ್ಪಳ ಮುರಿಯುತ್ತಾ ಸುಮ್ಮನೆ ಕೂತರು.

ಗುರಿ ಕಣ್ಣಿನ, ಅಂದರೆ ಗುರಿ ಹಿಡಿಯಲು ನಳಿಗೆಯ ಮೇಲಿರುವ ಸೈಟ್‌ನ ವಿಷಯ ಬೇಗ ಮುಗಿಯಿತು. ರಾಕ್ ಐಲೆಂಡ್‌ನದು ಸೈನ್ಯದ ಮಾದರಿ, ಸಣ್ಣ ಗೆರೆ ಅಷ್ಟೇ. ಭಾವನಿಗೆ ಐವತ್ತು ದಾಟಿದೆ, ಓದುವುದಕ್ಕೆ ಕನ್ನಡಕ ಬೇಕು. ರೂಗರ್‌ನ ಮೂರು ಬಿಳಿ ಚುಕ್ಕಿ ಕಂಡರೆ ಸಾಕು.

ಇನ್ನು ಫಿನಿಶ್. ಇದಕ್ಕೆ ಮಾತು ಸಾಲದು ಅಂತ ನಾನು ಒಳಗೆ ಹೋಗಿ ಕೋವಿ ತಂದೆ. ನಳಿಗೆ ಮುರಿದು ಖಾಲಿ ಇದೆ ಅಂತ ಇಬ್ಬರೂ ನೋಡಿಕೊಂಡ ಮೇಲೆ, ಬೆಳಕಿಗೆ ಓರೆ ಹಿಡಿದು ತೋರಿಸಿದೆ. ಬಲ ನಳಿಗೆಯ ಮೇಲೆ, ಮರದ ಹಿಡಿ ಮುಗಿಯುವ ಜಾಗದಿಂದ ನಾಲ್ಕು ಬೆರಳು ಮುಂದೆ, ಒಂದು ಹೆಬ್ಬೆಟ್ಟಿನ ಗುರುತು. ಶಾಯಿಯಲ್ಲಿ ಒತ್ತಿದ್ದಲ್ಲ, ತುಕ್ಕಿನಲ್ಲಿ ಮೂಡಿದ್ದು. ಬೆರಳಿನ ಸುಳಿ ಗೆರೆಗಳು ಒಂದೊಂದೂ ಎಣಿಸುವ ಹಾಗೆ ಕಂದು ಬಣ್ಣದಲ್ಲಿ ಕೂತಿವೆ. ಆ ವರ್ಷ ಲೋಕಸಭೆ ಚುನಾವಣೆ. ನೀತಿಸಂಹಿತೆ ಬಂದ ಮೇಲೆ ಎಲ್ಲರ ಹಾಗೆ ನಾನೂ ಕೋವಿ ಜಮಾ ಮಾಡಿದ್ದೆ. ನಮ್ಮ ಕಡೆ ಮತದಾನ ಮೇ 7ಕ್ಕೇ ಆದರೂ ಎಣಿಕೆ ಜೂನ್ 4ಕ್ಕೆ, ಅದು ಮುಗಿದು ಕೋವಿ ಕೈಗೆ ಬರುವಾಗ ಮೃಗಶಿರ ಮಳೆ ಹಿಡಿದಿತ್ತು. ಎಣ್ಣೆ ಸವರಿ ಕೊಟ್ಟಿದ್ದೆ. ಯಾರೋ ಬೆವರು ಕೈಯಲ್ಲಿ ಎತ್ತಿ ಬೇರೆ ಕಡೆ ಇಟ್ಟಿದ್ದಾರೆ, ಒರೆಸಿಲ್ಲ. ಆ ಬೇಜಾರು ನನಗೆ ಇನ್ನೂ ಹೋಗಿಲ್ಲ. ಅಪ್ಪ ಅಷ್ಟು ವರ್ಷ ಒಂದು ಚುಕ್ಕೆ ಬರದ ಹಾಗೆ ನೋಡಿಕೊಂಡಿದ್ದ ನಳಿಗೆ ಅದು.

"ಇದು ನಿಮ್ಮ ಕೋಲ್ಟ್‌ನ ಫಿನಿಶ್ಶೇ ಭಾವ" ಅಂದೆ. ಬ್ಲೂಯಿಂಗ್ ಅಂದರೆ ಬಳಿದ ಬಣ್ಣ ಅಲ್ಲ. ಉಕ್ಕಿನ ಮೈಯನ್ನೇ ರಾಸಾಯನಿಕದಲ್ಲಿ ಕಾಯಿಸಿ ಹದವಾಗಿ ಆಕ್ಸೈಡ್ ಮಾಡಿಸುವುದು. ಕೆಂಪು ತುಕ್ಕಿನ ಬದಲು ಮ್ಯಾಗ್ನೆಟೈಟ್ ಅನ್ನುವ ಕಪ್ಪು ಪದರ ಬರುತ್ತದೆ. ತುಂಬಾ ತೆಳು. ಅದರ ಮೇಲೆ ಎಣ್ಣೆ ಇದ್ದಷ್ಟು ದಿನ ಕಾಪಾಡುತ್ತದೆ, ಎಣ್ಣೆ ಆರಿತು ಅಂದರೆ ಮುಗಿಯಿತು. ಚರ್ಮದ ಚೀಲಕ್ಕೆ ತೂರಿಸಿ ತೆಗೆದರೆ ಅಂಚಿನಲ್ಲಿ ಸವೆದು ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೇ ಇಟ್ಟರಂತೂ ಚರ್ಮ ಹಿಡಿದುಕೊಂಡ ತೇವ ಎಲ್ಲ ಉಕ್ಕಿಗೆ. ನಮ್ಮ ಅಜ್ಜ ಇದೇ ಕೋವಿಯನ್ನು ಮಳೆಗಾಲ ಪೂರ್ತಿ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ, ಬರೀ ಹತ್ತಿ ಬಟ್ಟೆ ಸುತ್ತಿ ಇಡುತ್ತಿದ್ದರಂತೆ. ಭಾವ ಹೇಳಿದರು, ಅಲ್ಲಿ ಲಾಕರ್ ಒಳಗೆ ಕರೆಂಟಿನ ಸಣ್ಣ ಕಂಬಿ ಇಡುತ್ತಾರಂತೆ, ಅದು ಬೆಚ್ಚಗಿದ್ದು ತೇವ ಕೂರದ ಹಾಗೆ ಮಾಡುತ್ತದೆ. ಉಪಾಯ ಒಂದೇ.

ರಾಕ್ ಐಲೆಂಡ್‌ನ ಬೂದಿ ಬಣ್ಣ ಪಾರ್ಕರೈಸಿಂಗ್. ಉಕ್ಕಿನ ಮೇಲೆ ಫಾಸ್ಫೇಟ್ ಹರಳು ಬೆಳೆಸುವುದು. ಕೈಯಾಡಿಸಿದರೆ ಸಣ್ಣ ಉಪ್ಪುಕಾಗದದ ಹಾಗೆ ಒರಟು, ಆ ಒರಟಿನ ಸಂದಿಯಲ್ಲಿ ಎಣ್ಣೆ ಕೂತು ಉಳಿಯುತ್ತದೆ. ಅದೇ ಅದರ ಶಕ್ತಿ. ಕೆಸರು, ಮಳೆಯ ಯುದ್ಧಕ್ಕೆ ಸೈನ್ಯ ಇದನ್ನೇ ಆರಿಸಿಕೊಂಡದ್ದು ಸುಮ್ನೆ ಅಲ್ಲ. ಚಂದ ಇಲ್ಲ ಅಂತ ಜನ ಮೂಗು ಮುರಿಯುತ್ತಾರೆ. ನನಗಂತೂ ಬಹಳ ಇಷ್ಟವಾಯಿತು. ಆಗುಂಬೆಯ ಪಕ್ಕ, ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬೀಳುವ ಕಡೆ ಬದುಕುವವನಿಗೆ ಎಣ್ಣೆ ಕುಡಿದು ಇಟ್ಟುಕೊಳ್ಳುವ ಉಕ್ಕು ಅಂದರೆ ಸಾಮಾನ್ಯವೇ? ಬೀವರ್‌ಟೇಲ್ ಒಂದು ಇದ್ದಿದ್ದರೆ ಇದೇ ತಗೊಳ್ಳಿ ಅನ್ನುತ್ತಿದ್ದೆ.

ಸ್ಟೇನ್‌ಲೆಸ್ ಬಗ್ಗೆ ಜನರಲ್ಲಿ ಒಂದು ತಪ್ಪು ನಂಬಿಕೆ ಇದೆ, ಅದಕ್ಕೆ ತುಕ್ಕೇ ಹಿಡಿಯುವುದಿಲ್ಲ ಅಂತ. ಹಿಡಿಯುತ್ತದೆ, ನಿಧಾನಕ್ಕೆ. ಉಪ್ಪಿನ ಬೆವರು ದಿನಗಟ್ಟಲೆ ಕೂತರೆ ಅಲ್ಲೂ ಚುಕ್ಕೆ ಬೀಳುತ್ತದೆ. ಅದರ ಜೊತೆ ಕಪ್ಪು ಬಣ್ಣದ ಸಣ್ಣ ಭಾಗಗಳು ಹೆಚ್ಚಾಗಿ ಮಾಮೂಲಿ ಉಕ್ಕಿನವು, ಅವನ್ನು ಒರೆಸಲೇಬೇಕು. ಆದರೆ ಒಂದು ದೊಡ್ಡ ಅನುಕೂಲ ಇದೆ. ಮೇಲೆ ಬೇರೆಯಾಗಿ ಕೊಟ್ಟ ಪದರವೇ ಇಲ್ಲ, ಹಾಗಾಗಿ ಸವೆದು ಹೋಗುವುದಕ್ಕೂ ಏನಿಲ್ಲ. ಗೀರು ಬಿದ್ದರೆ ಉಜ್ಜಿದ ಗೆರೆಗಳ ದಿಕ್ಕಿನಲ್ಲೇ ನಯವಾದ ಸ್ಕ್ರಬ್ಬರ್‌ನಿಂದ ಮೆಲ್ಲಗೆ ಎಳೆದರೆ ಬೆರೆತುಹೋಗುತ್ತದೆ. ಬ್ಲೂಯಿಂಗ್‌ನಲ್ಲಿ ಗೀರು ಬಿದ್ದರೆ ಕಾಯಿಸದೆ ಹಚ್ಚುವ ಬಾಟಲಿಯ ಕೋಲ್ಡ್ ಬ್ಲೂ ಹಚ್ಚಬೇಕು, ಅದು ಮೂಲ ಬಣ್ಣಕ್ಕೆ ಕೂಡುವುದು ಅಪರೂಪ. ಅದರಲ್ಲಿ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಇರುವುದು ನಾವು ಬೋರ್ಡೋಗೆ ಹಾಕುವ ಮೈಲುತುತ್ತವೇ, ಜೊತೆಗೆ ಸೆಲೆನಿಯಂ.

ಅಷ್ಟು ಹೊತ್ತಿಗೆ ಅಕ್ಕ ಕಷಾಯ ತಂದು ಕೊಟ್ಟು, ಕೋವಿ ಮೇಲಿನ ಹೆಬ್ಬೆಟ್ಟು ನೋಡಿ, ಭಾವನನ್ನೇ ಕೇಳಿದಳು. "ನೀವು ರೇಂಜಿಂದ ಬಂದ ಕೂಡಲೇ ಕೂತು ಒರೆಸ್ತೀರಾ? ನಿಜ ಹೇಳಿ." ಭಾವ ಉತ್ತರ ಕೊಡಲಿಲ್ಲ. ಅವರಿಗೆ ವಾರಪೂರ್ತಿ ಆಸ್ಪತ್ರೆ ಕೆಲಸ, ರಾತ್ರಿ ಡ್ಯೂಟಿ ಬೇರೆ. ಅಕ್ಕನ ಷರತ್ತು ಇನ್ನೂ ಒಂದಿತ್ತು. ಮನೆಯಲ್ಲಿ ಹದಿನಾರರ ಮಗಳಿದ್ದಾಳೆ, ಮೊದಲು ಲಾಕರ್ ಬರಬೇಕು, ಆಮೇಲೆ ಪಿಸ್ತೂಲು. ತೋಟಾ ಬೇರೆ ಕಡೆ, ಬೇರೆ ಬೀಗ. ಯಾವ ಫಿನಿಶ್ ಅನ್ನುವುದಕ್ಕಿಂತ ಇದು ಮುಖ್ಯ ಅಂತ ನಾನೂ ಅಕ್ಕನ ಪರ ನಿಂತೆ. ನಮ್ಮ ಮನೆಯಲ್ಲೂ ಹಾಗೇ ಇಟ್ಟಿರುವುದು.

ಭಾವ ವಾಪಸ್ ಹೋದ ಮೇಲೆ ಲಾಕರ್ ತಂದರು. ಆಮೇಲೆ ಅಂಗಡಿಯಲ್ಲಿ ಬಂದೂಕು ಕೊಳ್ಳುವವರ ಸರ್ಕಾರಿ ಅರ್ಜಿ ಫಾರ್ಮ್ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ರೂಗರ್ ತಗೊಂಡರು. ಕೋಲ್ಟ್ ಅನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿದರಂತೆ, ಬಿಟ್ಟು ಬರುವುದಕ್ಕೆ ಸಂಕಟ ಆಯಿತು ಅಂದರು. ನನಗೆ ಅರ್ಥವಾಗುತ್ತದೆ. ಚೆನ್ನಾಗಿ ಪಾಲಿಶ್ ಮಾಡಿ ಬ್ಲೂ ಮಾಡಿದ ಉಕ್ಕಿನ ಅಂದ ಬೇರೆ ಯಾವುದಕ್ಕೂ ಬರುವುದಿಲ್ಲ, ನಾನೇ ನನ್ನ ಕೋವಿಯನ್ನು ಹೊಲಿಗೆ ಮಿಷನ್ ಎಣ್ಣೆ ಹಾಕಿ ಒರೆಸಿ ಒಂದು ಗಳಿಗೆ ನೋಡುತ್ತಾ ಕೂರುತ್ತೇನೆ. ದಿನಾ ಒರೆಸುವ ಪುರುಸೊತ್ತು ಇರುವವರು ಧಾರಾಳವಾಗಿ ಅದನ್ನೇ ತಗೊಳ್ಳಲಿ.

ಈಗ ಅವರ ತಲೆನೋವು ಹಿಡಿ. ರೂಗರ್‌ನ ಹಿಡಿಯ ಮುಂದಿನ ಪಟ್ಟಿ ನುಣುಪು, ಅಲ್ಲಿನ ಸೆಕೆಗೆ ಬೆವರಿ ಜಾರುತ್ತದೆ. ಉಕ್ಕಿನಲ್ಲೇ ಗೀರು ಹಾಕಿಸುವುದಕ್ಕೆ ತುಂಬಾ ಖರ್ಚು, ಸದ್ಯಕ್ಕೆ ಒರಟು ಅಂಟುಪಟ್ಟಿ ಸಾಕು ಅಂದೆ. ಕೈ ಸಣ್ಣದಾದ್ದರಿಂದ ತೆಳು ಮರದ ಹಿಡಿ ತರಿಸುತ್ತೇನೆ ಅಂದಿದ್ದಾರೆ. ಹಾಗಿದ್ದರೆ ಗಿಡ್ಡ ಬುಶಿಂಗ್ (ಹಿಡಿಯ ಸ್ಕ್ರೂ ಕೂರುವ ಸಣ್ಣ ಕೊಳವೆ) ಮತ್ತು ಗಿಡ್ಡ ಸ್ಕ್ರೂ ಜೊತೆಗೇ ತರಿಸಿ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆ, ಇಲ್ಲದಿದ್ದರೆ ಹಿಡಿ ಸರಿಯಾಗಿ ಕೂರುವುದಿಲ್ಲ.