ಕೆಲಸವೂ ನಂದೇ, ಫೀಸೂ ನಂದೇ: ಎಂಎಫ್‌ಎ ಇಂಟರ್ನ್‌ಶಿಪ್ ಲೆಕ್ಕ

ಅಮೆರಿಕದಲ್ಲಿ ಎಂಎಫ್‌ಎ (ಸೃಜನಶೀಲ ಬರವಣಿಗೆಯ ಕೋರ್ಸ್) ಮುಗಿಸಿ ಊರಿಗೆ ಬಂದು ಎಂಟು ತಿಂಗಳಾಯಿತು. ಈಗ ಮೈಸೂರಿನ ಸರಸ್ವತಿಪುರಂನಲ್ಲಿ ಇದ್ದೇನೆ, ಭಾನುವಾರ ಬಂದರೆ ಮಂಡ್ಯದ ಹತ್ತಿರ ಅಪ್ಪನ ಮನೆ. ಇಲ್ಲಿಯ ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯ ಹುಡುಗ ಹುಡುಗಿಯರು ಸಿಕ್ಕಾಗೆಲ್ಲ ಕೇಳುವುದು ಒಂದೇ. ಕಥೆ ಬರೆಯುವ ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಯಾಕೆ, ಅದಕ್ಕೆ ಕ್ರೆಡಿಟ್ ಯಾರು ಕೊಡ್ತಾರೆ? ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಎಂಎಫ್‌ಎ ಅಂದರೆ ಎರಡು ಮೂರು ವರ್ಷದ ಸ್ನಾತಕೋತ್ತರ ಪದವಿ. ಒಟ್ಟು ಕ್ರೆಡಿಟ್, ಅಂದರೆ ಪದವಿಗೆ ಲೆಕ್ಕ ಹಿಡಿಯುವ ಓದಿನ ಅಳತೆ, ಒಂದೊಂದು ಕಡೆ ಒಂದೊಂದು ರೀತಿ, 36ರಿಂದ 60ರವರೆಗೂ ಇರುತ್ತದೆ. ದೊಡ್ಡ ಪಾಲು ವರ್ಕ್‌ಶಾಪ್‌ಗೆ ಹೋಗುತ್ತದೆ. ಅಲ್ಲಿ ನಿಮ್ಮ ಕಥೆಯನ್ನು ಹತ್ತು ಹನ್ನೆರಡು ಜನ ಓದಿಕೊಂಡು ಬಂದು ಮುಂದೆ ಕೂತು ಮಾತಾಡುತ್ತಾರೆ. ಉಳಿದದ್ದು ಸಾಹಿತ್ಯದ ಪಾಠ, ಕೊನೆಗೆ ಥೀಸಿಸ್, ಅಂದರೆ ನಿಮ್ಮದೇ ಪುಸ್ತಕದ ಹಸ್ತಪ್ರತಿ. ಇದರ ನಡುವೆ ಕೆಲವು ಕಡೆ ಇಂಟರ್ನ್‌ಶಿಪ್‌ಗೆ 3 ಕ್ರೆಡಿಟ್ ಕೊಡುತ್ತಾರೆ. ಸಾಹಿತ್ಯ ಪತ್ರಿಕೆ, ಪ್ರಕಾಶನ ಸಂಸ್ಥೆ, ಮಕ್ಕಳಿಗೆ ಬರವಣಿಗೆ ಕಲಿಸುವ ಜಾಗ, ಎಲ್ಲಿಯಾದರೂ ಆಗಬಹುದು. ಅಲ್ಲಿ ಒಂದು ಕ್ರೆಡಿಟ್ ಅಂದರೆ ಹೆಚ್ಚುಕಡಿಮೆ 45 ಗಂಟೆ ಕೆಲಸ. ಮೂರಕ್ಕೆ 135 ಗಂಟೆ, 15 ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ 9 ಗಂಟೆ.

ನನ್ನ ಮೊದಲ ಇಂಟರ್ನ್‌ಶಿಪ್ ಒಂದು ತ್ರೈಮಾಸಿಕ ಸಾಹಿತ್ಯ ಪತ್ರಿಕೆಯಲ್ಲಿ. ಅಂಚೆಯ ಕಾಲ ಮುಗಿದಿದೆ, ಕಥೆಗಳೆಲ್ಲ ಸಬ್ಮಿಟಬಲ್ ಎನ್ನುವ ತಾಣದ ಮೂಲಕ ಬಂದು ಬೀಳುತ್ತವೆ. ಆ ರಾಶಿಯನ್ನು ಮೊದಲು ಓದುವುದು ನಮ್ಮಂಥವರು. ಒಂದು ಸೆಮಿಸ್ಟರಿನಲ್ಲಿ ಮುನ್ನೂರು ಕಥೆ ಓದಿದೆ. ಪ್ರತಿಯೊಂದಕ್ಕೂ ಎರಡು ಸಾಲು ಬರೆಯಬೇಕು, ಯಾಕೆ ಬೇಕು ಅಥವಾ ಯಾಕೆ ಬೇಡ ಅಂತ. ಚೆನ್ನಾಗಿಲ್ಲ ಅಂತ ಬರೆದರೆ ಸಂಪಾದಕಿ ವಾಪಸ್ ಕಳಿಸುತ್ತಿದ್ದರು. ಎಲ್ಲಿ ಓದುವುದು ನಿಲ್ಲಿಸಬೇಕು ಅನ್ನಿಸಿತು, ಆ ಸಾಲು ತೋರಿಸು ಅನ್ನುತ್ತಿದ್ದರು. ಐವತ್ತು ಕಥೆ ಆಗುವಷ್ಟರಲ್ಲಿ ನನಗೇ ಕಾಣತೊಡಗಿತು, ಎಷ್ಟೊಂದು ಕಥೆಗಳು ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ, ಮೊದಲ ಎರಡು ಪುಟದಲ್ಲಿ ಯಾರೋ ಏಳುತ್ತಾರೆ, ಕಿಟಕಿ ನೋಡುತ್ತಾರೆ, ಕಾಫಿ ಕುಡಿಯುತ್ತಾರೆ, ಹಳೆಯದನ್ನು ನೆನೆಯುತ್ತಾರೆ. ನನ್ನದೊಂದು ಕಥೆ ಇತ್ತು, ವಿ.ಸಿ. ನಾಲೆಯ ನೀರಿಗಾಗಿ ರಾತ್ರಿ ಗದ್ದೆಯಲ್ಲಿ ಕಾಯುವ ಅಣ್ಣ ತಮ್ಮಂದಿರದ್ದು. ವರ್ಕ್‌ಶಾಪಿನಲ್ಲಿ ಎರಡು ಸಲ ಚರ್ಚೆಯಾದರೂ ನನಗೆ ಅದರ ಕಾಯಿಲೆ ಗೊತ್ತಾಗಿರಲಿಲ್ಲ. ಆ ಚಳಿಗಾಲದಲ್ಲಿ ಮೊದಲ ಎರಡು ಪುಟ ತೆಗೆದು ನೀರು ಬಂದ ಸದ್ದಿನಿಂದ ಶುರುಮಾಡಿದೆ. ಅದಕ್ಕೇ ಹೇಳುತ್ತೇನೆ, ಬೇರೆಯವರ ಬರಹದ ಜೊತೆ ಕಳೆದ ಆ ಗಂಟೆಗಳೂ ಓದೇ. ಅದಕ್ಕೆ ಕ್ರೆಡಿಟ್ ಕೊಡುವುದು ಸರಿ.

ಸರಿಯಿಲ್ಲದ್ದು ಇನ್ನೊಂದಿದೆ. ನನಗೆ ಬೋಧನಾ ಸಹಾಯಕಿಯ ಕೆಲಸ ಇದ್ದದ್ದರಿಂದ ಎರಡು ಸೆಮಿಸ್ಟರಿನ ಫೀಸ್ ಮಾಫಿ ಇತ್ತು. ಬೇಸಿಗೆಗೆ ಇರಲಿಲ್ಲ. ಆ ಬೇಸಿಗೆಯಲ್ಲಿ ಒಂದು ಚಿಕ್ಕ ಪ್ರಕಾಶನದಲ್ಲಿ ಜಾಗ ಸಿಕ್ಕಿತು, ಸಂಬಳ ಇಲ್ಲ. ಎಫ್-1 ಎನ್ನುವ ವಿದ್ಯಾರ್ಥಿ ವೀಸಾದವರು ಕ್ಯಾಂಪಸ್ ಹೊರಗೆ ಇಂಥ ಕೆಲಸ ಮಾಡಲು ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ, ಬೇಕು. ಕ್ರೆಡಿಟ್‌ಗೆ ಹೆಸರು ನೋಂದಾಯಿಸಿದರೆ ಮಾತ್ರ ಅನುಮತಿ ಅಂತ ನಮ್ಮ ಕಾಲೇಜು ಹೇಳಿತು. ಕ್ರೆಡಿಟ್‌ಗೆ ಫೀಸ್ ಕಟ್ಟಬೇಕು. ಅಂದರೆ ಸಂಬಳವಿಲ್ಲದ ಕೆಲಸಕ್ಕೆ ನಾನೇ ದುಡ್ಡು ಕೊಟ್ಟೆ. ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ದುಡಿಯೋಳೂ ನೀನೆ, ದುಡ್ಡು ಕಟ್ಟೋಳೂ ನೀನೆ, ಇದ್ಯಾವ ಲೆಕ್ಕ ಮಗಾ? ಕಬ್ಬು ಕಡಿಯಕ್ಕೆ ಹೊಸದಾಗಿ ಬಂದ ಹುಡ್ಗುಂಗೂ ಕೂಲಿ ಕೊಡ್ತೀವಿ, ಅವನೂ ಕಲೀತಾನೇ ಇರ್ತಾನಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ.

ಲಾಭಕ್ಕಾಗಿ ನಡೆಯುವ ಕಂಪನಿ ಸಂಬಳ ಕೊಡಬೇಕೋ ಬೇಡವೋ ಅಂತ ನೋಡಲು ಅಮೆರಿಕದ ಕಾರ್ಮಿಕ ಇಲಾಖೆ 2018ರಿಂದ ಏಳು ಅಂಶಗಳನ್ನು ಬಳಸುತ್ತಿದೆ. ಒಟ್ಟಾರೆ ಹೆಚ್ಚು ಪ್ರಯೋಜನ ವಿದ್ಯಾರ್ಥಿಗೋ ಕಂಪನಿಗೋ ಎನ್ನುವುದೇ ಮುಖ್ಯ. ಓದಿನ ಜೊತೆ, ಕ್ರೆಡಿಟ್ ಜೊತೆ ನಂಟು ಇದೆಯಾ ಎನ್ನುವುದು ಏಳರಲ್ಲಿ ಒಂದು. ಒಂದು ಮಾತ್ರ. ಕ್ರೆಡಿಟ್ ಸಿಗುತ್ತೆ, ಸಂಬಳ ಯಾಕೆ ಅನ್ನುವವರ ಮಾತು ಅಲ್ಲಿಗೇ ಮುಗಿಯುವುದಿಲ್ಲ ಅಂತ ನೆನಪಿರಲಿ.

ಹೋಗುವವರು ಇಷ್ಟು ನೋಡಿಕೊಳ್ಳಿ. ಫೀಸ್ ಮಾಫಿ ಇರುವ ಸೆಮಿಸ್ಟರಿನಲ್ಲೇ ಇಂಟರ್ನ್‌ಶಿಪ್ ಮುಗಿಸಿ, ಬೇಸಿಗೆಗೆ ಇಟ್ಟುಕೊಳ್ಳಬೇಡಿ. ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿದ ಮೇಲೆಯೇ ಸಿಪಿಟಿ ಸಿಗುವುದು. ಕಾಲೇಜು ಕೊಡುವ ಐ-20 ಪತ್ರದಲ್ಲಿ ಬರೆದ ದಿನಾಂಕಕ್ಕಿಂತ ಒಂದು ದಿನ ಮುಂಚೆಯೂ ಕೆಲಸಕ್ಕೆ ಹೋಗಬೇಡಿ, ಸುಮ್ನೆ ಪರಿಚಯಕ್ಕೆ ಬಾ ಅಂದರೂ. ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಸ್ವಲ್ಪ ಕಾಲ ಕೆಲಸ ಮಾಡುವ ಅವಕಾಶ, ಕೈತಪ್ಪುತ್ತದೆ.

ಇಲ್ಲಿ ನಮ್ಮ ಮೈಸೂರಿನ ಮಾತು. ಎಂ.ಎ. ಓದುವಾಗ ನಾನು ಮೂರು ತಿಂಗಳು ಒಂದು ಪ್ರಕಾಶನದಲ್ಲಿ ಕರಡು ತಿದ್ದಿದ್ದೆ. ಲೇಖಕರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದರು, ಅದನ್ನು ಯೂನಿಕೋಡ್‌ಗೆ ತಿರುಗಿಸಿದರೆ ಅರ್ಕಾವತ್ತು ಎಲ್ಲೋ ಹೋಗಿ ಕೂತಿರುತ್ತಿತ್ತು, 'ಬಸ್‌ನಲ್ಲಿ' ಹೋಗಿ 'ಬಸ್ನಲ್ಲಿ' ಆಗಿರುತ್ತಿತ್ತು. ಅಚ್ಚಿನ ಲೆಕ್ಕದಲ್ಲಿ 16 ಪುಟಕ್ಕೆ ಒಂದು ಫಾರಂ, ಎರಡು ಪುಟ ಹೆಚ್ಚಾದರೆ ಏನು ಮಾಡಬೇಕು, ಬೆನ್ನುಡಿ ಎಷ್ಟು ಉದ್ದ ಇರಬೇಕು, ಎಲ್ಲ ಅಲ್ಲೇ ಕಲಿತದ್ದು. ಒಂದು ಪತ್ರ ಕೂಡ ಕೈಗೆ ಸಿಗಲಿಲ್ಲ, ಅಂಕಪಟ್ಟಿಯಲ್ಲಂತೂ ಅದರ ಸುಳಿವೇ ಇಲ್ಲ. ಕಲಿತದ್ದು ನಿಜ, ಆದರೆ ಕಾಗದದ ಲೆಕ್ಕದಲ್ಲಿ ಆ ಮೂರು ತಿಂಗಳು ಗಾಳಿಗೆ ಹೋದ ಹಾಗಾಯಿತು. ಆಕಾಶವಾಣಿ, ರಂಗಾಯಣ, ವಿಶ್ವವಿದ್ಯಾನಿಲಯದ್ದೇ ಪುಸ್ತಕ ಪ್ರಕಟಿಸುವ ವಿಭಾಗ ಪ್ರಸಾರಾಂಗ, ಬರೆಯುವವರು ಕೆಲಸ ಕಲಿಯಲು ಈ ಊರಲ್ಲಿ ಜಾಗಕ್ಕೇನು ಕಡಿಮೆ, ಅಲ್ವಾ? 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆ ಕಲಿಕೆಗೆ 1 ಕ್ರೆಡಿಟ್ ಅಂತ ಲೆಕ್ಕವೂ ಇದೆ. ಕರಡು ತಿದ್ದಿದ ಗಂಟೆ ಆ ಲೆಕ್ಕಕ್ಕೆ ಬರಬೇಕು, ಅದಕ್ಕಾಗಿ ವಿದ್ಯಾರ್ಥಿ ಬೇರೆ ಫೀಸ್ ಕಟ್ಟುವ ಹಾಗಿರಬಾರದು.

ಹೋದ ತಿಂಗಳು ಎಂ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಬಂದಿದ್ದಳು, ಅವಳೂ ಒಂದು ಕಡೆ ಕರಡು ತಿದ್ದುತ್ತಿದ್ದಾಳೆ. ದಿನಾಂಕ, ಗಂಟೆ, ತಿದ್ದಿದ ಪುಟ, ಅವತ್ತು ಕಲಿತದ್ದು ಏನು, ಎಲ್ಲ ಬರೆದಿಡು ಅಂದಿದ್ದೆ. ನಿನ್ನೆ ನೋಟ್‌ಬುಕ್ ತಂದು ತೋರಿಸಿದಳು. 94 ಗಂಟೆ ಆಗಿದೆ. ಸೋಮವಾರ ಅದನ್ನು ಹಿಡಿದುಕೊಂಡು ಇಬ್ಬರೂ ಅವಳ ವಿಭಾಗಕ್ಕೆ ಹೋಗುತ್ತಿದ್ದೇವೆ.